ಅಪ್ಪನ ಕ್ಯಾಮೆರಾಕ್ಕೆ ಹಳದಿ ಬೆಲ್ಟು

ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಅಪ್ಪ ತೀರಿಕೊಂಡ ಮೇಲೆ ಅವನ ರೀಲು ಕ್ಯಾಮೆರಾ ಅಣ್ಣನ ಪಾಲಿಗೆ ಹೋಯಿತು. ಅಣ್ಣನಿಗೆ ಹಾಸನದಲ್ಲಿ ಟೈಲ್ಸ್ ಅಂಗಡಿ. ಆ ಕ್ಯಾಮೆರಾದ ಯಾವ ಗುಂಡಿ ಯಾಕಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಅಪ್ಪನ ಜೊತೆ ನಿಂತು ರೀಲು ತೊಳೆದವಳು ನಾನು. ಆದರೇನು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗಂತೆ! ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಈಚೆಗೆ ಅಣ್ಣ ಹೊಸ ಮನೆ ಕಟ್ಟಿಸುವ ಗಡಿಬಿಡಿಯಲ್ಲಿದ್ದಾಗ, ಸ್ವಲ್ಪ ದಿನ ಇಟ್ಟುಕೊಂಡು ಕೊಡುತ್ತೇನೆ ಎಂದು ಹೇಳಿ ಕ್ಯಾಮೆರಾವನ್ನು ಚನ್ನರಾಯಪಟ್ಟಣದ ನನ್ನ ಮನೆಗೆ ತಂದುಕೊಂಡೆ.

"ಆಯ್ದಪೂಜೆ ಒತ್ಗೆ ವಾಪಸ್ ತಂದ್ಬುಡು ಕಣಮ್ಮಿ," ಅಂದ ಅಣ್ಣ. "ಒಸ ಮನೆ ಆಲ್‌ನಲ್ಲಿ ಗಾಜಿನ್ ಶೋಕೇಸ್ ಮಾಡುಸ್ತಾ ಇವ್ನಿ, ಒಳಗಡೆ ಲೈಟೂ ಬತ್ತದೆ. ಅಪ್ಪನ ನೆನಪು ಅಲ್ವಾ, ಇನ್ಮೇಲೆ ಯಾರೂ ಮುಟ್ಟಂಗಿಲ್ಲ."

ಯಾರೂ ಮುಟ್ಟಂಗಿಲ್ಲ! ನನಗೆ ಪಿತ್ತ ನೆತ್ತಿಗೇರಿತು. ಕೆಲಸ ಮಾಡುವ ಕ್ಯಾಮೆರಾವನ್ನು ಲೈಟು ಹಾಕಿ ಕೂರಿಸುವುದಕ್ಕೆ ಅದೇನು ಉತ್ಸವಮೂರ್ತಿಯೇ? ಅದನ್ನು ಕೊರಳಿಗೆ ಹಾಕಿಕೊಂಡು ಓಡಾಡುತ್ತೇನೆ, ಫೋಟೋ ತೆಗೆಯುತ್ತೇನೆ, ಯಾರು ಏನು ಬೇಕಾದರೂ ಅನ್ನಲಿ ಎಂದು ಅವತ್ತೇ ತೀರ್ಮಾನ ಮಾಡಿದೆ.

ಕೊರಳಿಗೆ ಹಾಕಲು ಬೆಲ್ಟೇ ಇರಲಿಲ್ಲ. ಹಳೆಯ ಚರ್ಮದ ಬೆಲ್ಟು ಕಿತ್ತುಹೋಗಿ ಡಬ್ಬಿಯಲ್ಲಿತ್ತು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆನ್‌ಲೈನಿನಲ್ಲಿ ಅಗಲವಾದ, ಗಾಢ ಹಳದಿ ಬಣ್ಣದ ನೈಲಾನ್ ಬೆಲ್ಟು ತರಿಸಿದೆ. ಹಳೇ ಕ್ಯಾಮೆರಾಕ್ಕೆ ಚರ್ಮದ್ದೇ ಚಂದ ಎಂದು ನನ್ನ ಗಂಡನೂ ಮೂಗು ಮುರಿದರು. ಚಂದಕ್ಕೆ ಯಾರು ಕಟ್ಟುತ್ತಿದ್ದಾರೆ? ಭಾರ ತಡೆಯಬೇಕು, ಕುತ್ತಿಗೆ ಕೊಯ್ಯಬಾರದು, ಅಷ್ಟೆ.

ಕ್ಯಾಮೆರಾದ ಎರಡೂ ಬದಿಗೆ ಬೆಲ್ಟು ಸಿಕ್ಕಿಸಲು ಪುಟ್ಟ ಕಿವಿಗಳಿವೆ. ಅವುಗಳ ತೂತೇ ಕಾಣಲಿಲ್ಲ. ದೀಪದ ಹತ್ತಿರ ಹಿಡಿದು ನೋಡಿದರೆ ಒಳಗೆಲ್ಲ ಅರಿಸಿನ, ಕುಂಕುಮ, ಗಂಧ ಗಟ್ಟಿಯಾಗಿ ಕೂತಿತ್ತು. ಅಪ್ಪ ಹೋದ ಮೇಲೆ ಪ್ರತಿ ಆಯುಧಪೂಜೆಗೂ ನಮ್ಮವರು ಭಕ್ತಿಯಿಂದ ಮೆತ್ತಿದ್ದು. ಅತ್ತಿಗೆಯಂತೂ ಲೆನ್ಸಿನ ಗಾಜಿಗೇ ಒಂದು ಬೊಟ್ಟು ಇಟ್ಟಿದ್ದರು. ಇಷ್ಟು ಪೂಜೆ ಮಾಡಿಸಿಕೊಂಡರೆ ಯಾವ ಯಂತ್ರ ತಾನೇ ಉಳಿದೀತು!

ಸೂಜಿಯಿಂದ ಕೆದಕಿದೆ. ಕುಂಕುಮ ಪುಡಿಪುಡಿಯಾಗಿ ಮಡಿಲಿಗೆ ಬಿತ್ತು. ತೂತೇನೋ ತೆರೆಯಿತು, ಆದರೆ ಹೊಸ ಬೆಲ್ಟಿನ ತುದಿ ಅದಕ್ಕಿಂತ ಅಗಲ, ತೂರಲೇ ಇಲ್ಲ. ನಡುವೆ ಉಂಗುರ ಬೇಕಿತ್ತು. ಕೀ ಬಂಚಿನಲ್ಲಿರುತ್ತದಲ್ಲ, ಅಂಥದ್ದೇ ಸಣ್ಣವು ಎರಡು ತಂದೆ. ಅವನ್ನು ಬಿಡಿಸಲು ಹೋಗಿ ಹೆಬ್ಬೆರಳ ಉಗುರು ಮುರಿಯಿತು. ಅಯ್ಯೋ ಅಂದೆ, ಅವುಗಳ ವಂಶವನ್ನೆಲ್ಲ ಬೈದೆ, ಚಾಕುವಿನ ಮೊನೆಯಿಂದ ಬಿಡಿಸಿ ತೂರಿಸಿದೆ. ಉಂಗುರ ಉಜ್ಜಿ ಕ್ಯಾಮೆರಾದ ಮೈ ಗೀರಬಾರದೆಂದು ಹಳೆಯ ಬೆಲ್ಟಿನಲ್ಲಿ ಗಟ್ಟಿಯಿದ್ದ ಚೂರು ಕತ್ತರಿಸಿ ಉಂಗುರದ ಕೆಳಗಿಟ್ಟೆ. ಹೊಸ ಬೆಲ್ಟಿನ ತುದಿಯನ್ನು ಉಂಗುರಕ್ಕೆ ಪೋಣಿಸಿ, ಹಿಂದಕ್ಕೆ ಮಡಿಸಿ ಬಕಲ್ಲಿಗೆ ಸಿಕ್ಕಿಸಿ ಜಗ್ಗಿದೆ. ಜಾರಲಿಲ್ಲ. ಲೆನ್ಸಿನ ಬೊಟ್ಟು ಒರೆಸಿ, ರೀಲು ತರಿಸಿ ತುಂಬಿದೆ.

ಹಬ್ಬದ ದಿನ ಕೊರಳಿಗೆ ಹಾಕಿಕೊಂಡೇ ಹಾಸನಕ್ಕೆ ಹೋದೆ. ಅಣ್ಣ ಕಾರಿಗೆ ಹಾರ ಕಟ್ಟುತ್ತಿದ್ದ.

"ಏನಮ್ಮಿ ಇದು, ಅಪ್ಪನ ಕ್ಯಾಮ್ರಾಗೆ ನಾಯಿ ಬೆಲ್ಟು? ಬಿಚ್ಚಾಕಿ ಕೊಡಿಲ್ಲಿ, ಪೂಜೆಗೆ ಮಡುಗ್ಬೇಕು."

ಪೂಜೆಗೆ ಇಟ್ಟೆ. ಬೆಲ್ಟು ಬಿಚ್ಚಲಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿ, ಕುಂಕುಮ ಬೇಕಾದರೆ ಅದರ ಮೇಲಿಡಿ ಅಂದೆ. ಮಂಗಳಾರತಿ ಮುಗಿದು ಬೂದುಗುಂಬಳಕಾಯಿ ಒಡೆದದ್ದೇ ತಡ, ಅಣ್ಣ ಶೋಕೇಸಿನ ಬಾಗಿಲು ತೆಗೆದ. ನಾನು ಕ್ಯಾಮೆರಾ ಎತ್ತಿ ಮತ್ತೆ ಕೊರಳಿಗೆ ಹಾಕಿಕೊಂಡೆ.

"ಪೂಜೆ ಮಾಡಿದ್ ಆಯ್ದ ಇವತ್ ಮುಟ್ಬಾರ್ದು ಕಣಮ್ಮಿ!"

"ಅಪ್ಪ ಮುಟ್ತಿರ್ಲಿಲ್ವಾ? ಆರತಿ ಆಗ್ತಿದ್ದಂಗೇ ಒರೆಸ್ಕೊಂಡು ಓಡೋನು. ಊರಿನ್ ಲಾರಿ, ಬಸ್ಸು, ಟ್ರ್ಯಾಕ್ಟ್ರು ಎಲ್ಲಾ ಹಾರ ಹಾಕ್ಕೊಂಡು ಫೋಟೋಗೆ ಕಾಯ್ತಿದ್ವು. ಮರ್ತೋಯ್ತಾ ನಿಂಗೆ?"

ಅಣ್ಣ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. "ಅದೆಲ್ಲ ಬ್ಯಾಡ. ಅದು ನನ್ ಪಾಲಿಂದು, ಕೊಡು."

ಕೊಡುವುದಿಲ್ಲ ಅಂದೆ. ಬೆಲ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಜಗಳ ಬಿಡಿಸಿ ಕ್ಯಾಮೆರಾ ಅಣ್ಣನಿಗೆ ಕೊಡಿಸುತ್ತಾಳೆ ಅಂದುಕೊಂಡೆ. ಅವಳು ನೇರ ಹೋಗಿ ಬಾಗಿಲ ಬೆಳಕಿನಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು.

"ಊರೋರ್ನೆಲ್ಲಾ ತಗುದ್ರು ನಿಮ್ಮಪ್ಪ. ನನ್ ಸರದಿ ಬರೋ ಒತ್ಗೆ ರೀಲೇ ಮುಗ್ದೋಗಿರದು. ತೆಗಿಯವ್ವ ನೀನು."

ಕ್ಯಾಮೆರಾ ಅಲುಗದಂತೆ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿದು ಕ್ಲಿಕ್ಕಿಸಿದೆ.

"ಆಯ್ತಲ್ಲ, ಈಗಾರಾ ಕೊಡು," ಅಂದ ಅಣ್ಣ.

ಅವ್ವ ನಿಂತಲ್ಲಿಂದ ಅಲ್ಲಾಡಲಿಲ್ಲ. "ಸುಮ್ಕಿರ್ಲಾ. ಆ ಗಾಜಿನ್ ಪೆಟ್ಗೇಲಿ ನಿನ್ ಟೈಲ್ಸ್ ಜೋಡುಸ್ಕೊ. ಕ್ಯಾಮ್ರಾ ಅವ್ಳ ತಾವೇ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿದಳು. "ಇನ್ನೊಂದ್ ತೆಗಿಯವ್ವ. ಈ ಸತಿ ನಗ್ತೀನಿ."