ಮೈನಸ್ ಅರವತ್ತರಲ್ಲಿ ಬಿರುಕು ಹುಡುಕುವ ಶ್ರೀಲತಾ

ಬೆಳಗಿನ ಆರು ಗಂಟೆ. ಅಮೆರಿಕದ ವಿಕ್ಸಮ್ ಊರಿನ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಶ್ರೀಲತಾ ಕೋಟಿನ ಮೇಲೊಂದು ಕೋಟು, ಕೈಗೆ ಎರಡೆರಡು ಗವಸು ಹಾಕಿಕೊಂಡು ಉಕ್ಕಿನ ಬಾಗಿಲು ಎಳೆಯುತ್ತಾರೆ. ಒಳಗಿನ ಕೋಲ್ಡ್ ರೂಮಿನಲ್ಲಿ ಅದೇ ಲೆಕ್ಕದಲ್ಲಿ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ. ಬಳೆಯಷ್ಟಗಲದ ಕಪ್ಪು ರಬ್ಬರ್ ರಿಂಗೊಂದನ್ನು ಎತ್ತಿ, ಬಗ್ಗಿಸಿ, ಕಿವಿಗೆ ಹಿಡಿಯುತ್ತಾರೆ.

"ಬಿರುಕು ಕಣ್ಣಿಗೆ ಕಾಣೂಕಿಂತ ಮೊದಲು ಕಿವಿಗೆ ಕೇಳಸ್ತದ್ರಿ," ಎನ್ನುತ್ತಾರೆ ನಗುತ್ತ.

ನಾಲ್ಕು ನಿಮಿಷಕ್ಕಿಂತ ಹೆಚ್ಚು ಒಳಗಿರುವಂತಿಲ್ಲ. ದಿನಕ್ಕೆ ಹನ್ನೆರಡು ಸಲ ಹೋಗಿಬರುತ್ತಾರೆ. ಇವರು ಹುಟ್ಟಿ ಬೆಳೆದದ್ದು ಕಲಬುರ್ಗಿಯ ಬಿಸಿಲಲ್ಲಿ, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಈ ವರ್ಕ್‌ಶಾಪಿಗೆ ಬಂದು ಒಂಬತ್ತು ವರ್ಷ.

ಆಗ ಇಲ್ಲಿ ತಯಾರಾಗುತ್ತಿದ್ದದ್ದು ಕಾರಿನ ಬಾಗಿಲಿನ ರಬ್ಬರ್ ಪಟ್ಟಿ. 2008ರ ಆರ್ಥಿಕ ಕುಸಿತದಲ್ಲಿ ಕಾರು ಕೊಳ್ಳುವವರೇ ಇಲ್ಲವಾದರು. ನಲವತ್ತು ಜನರಿದ್ದ ಕಡೆ ಹನ್ನೊಂದು ಜನ ಉಳಿದರು. ಅದೇ ವರ್ಷ ಪತಿ ಗುರುಸಿದ್ದ ಅವರ ಡಿಸೈನ್ ಕೆಲಸವೂ ಹೋಯಿತು. ಅವರು ಕಂಡಕಂಡಲ್ಲಿ ಅಪ್ಲೈ ಮಾಡುತ್ತಲೇ ಅಡುಗೆಮನೆ ವಹಿಸಿಕೊಂಡರು. "ಅವರ ಮೊದಲನೇ ರೊಟ್ಟಿ ಬಗ್ಗಿಸಿದ್ರ ಟಕ್ ಅಂತ ಮುರೀತಿತ್ರಿ. ಈಗ ನನಗಿಂತ ಛಲೋ ಬಡೀತಾರ."

ವರ್ಕ್‌ಶಾಪಿನ ಬಾಗಿಲು ಮುಚ್ಚುವ ಮಾತು ನಡೆದಿದ್ದಾಗ ಕೆನಡಾದ ಸರ್ವೆ ಕಂಪನಿಯೊಂದು ಹುಡುಕಿಕೊಂಡು ಬಂತು. ಹಿಮ ಕರಗುತ್ತಿರುವ ಆರ್ಕ್ಟಿಕ್ ಸಮುದ್ರದ ಮೇಲೆ ಸುತ್ತಲಿನ ದೇಶಗಳಿಗೆಲ್ಲ ಕಣ್ಣು. ತಳದಲ್ಲಿ ಎಣ್ಣೆ, ಅನಿಲ ಸಿಕ್ಕೀತೆಂಬ ಆಸೆ, ಹಡಗುಗಳಿಗೆ ಹತ್ತಿರದ ದಾರಿ ತೆರೆದೀತೆಂಬ ನಿರೀಕ್ಷೆ. ಆದರೆ ತಳ ತನ್ನದೆನ್ನುವ ದೇಶ, ತನ್ನ ನೆಲವೇ ನೀರಿನಡಿ ಅಲ್ಲಿಯತನಕ ಚಾಚಿದೆಯೆಂದು ಅಳತೆ ಮಾಡಿ ತೋರಿಸಬೇಕು. ಅದಕ್ಕೆಂದೇ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಡೇರೆ ಹಾಕಿ, ಮಂಜಿಗೆ ತೂತು ಕೊರೆದು, ರಾಟೆಯಂಥ ಯಂತ್ರದಿಂದ ಅಳತೆಯ ಉಪಕರಣ ಇಳಿಸುತ್ತಾರೆ. ಆ ಯಂತ್ರದೊಳಗಿನ ಎಣ್ಣೆ ಸೋರದಂತೆ ತಡೆಯುವುದು ಈ ರಿಂಗು.

ಮಾದರಿ ರಿಂಗುಗಳು ತಯಾರಾದವು. ಒಂದು ಗಂಟೆ ಚಳಿಯಲ್ಲಿಟ್ಟು ಬಗ್ಗಿಸುವುದು ಪದ್ಧತಿ. ಎಲ್ಲವೂ ಪಾಸಾದವು. ಶ್ರೀಲತಾ ಮಾತ್ರ ಆರು ರಿಂಗುಗಳನ್ನು ಒಳಗೇ ಬಿಟ್ಟು ಮನೆಗೆ ಹೋದರು.

"ಅಲ್ಲಿ ಮಂಜಿನ ಮ್ಯಾಲೆ ಆ ಮಷೀನು ತಾಸಿಗೊಮ್ಮೆ ಒಳಗ ಬಂದು ಕೂಡ್ತದೇನ್ರಿ? ರಾತ್ರಿಯೆಲ್ಲಾ ಹೊರಗೇ ಇರ್ತದ. ಅದಕ್ಕ ಬಿಟ್ಟೆ."

ಮರುದಿನ ಬಗ್ಗಿಸಿದರೆ ಆರರಲ್ಲಿ ನಾಲ್ಕು ಸೀಳಿದವು. ಸರಕು ಕಳಿಸಲು ಮೂರು ವಾರವಷ್ಟೇ ಇತ್ತು. ತಡವಾದರೆ ಸರ್ವೆ ತಂಡ ಮಂಜಿನ ಮೇಲೆ ಇಳಿಯುವ ಕಾಲ ಮೀರಿ, ಆರ್ಡರೂ ಕೈತಪ್ಪುತ್ತಿತ್ತು. ಮಾಲೀಕ ಡೇವ್ ಕಾಗದ ಮುಂದಿಟ್ಟರು. "ಟೆಸ್ಟ್ ಪಾಸ್ ಆಗ್ಯದಲ್ಲ, ಸೈನ್ ಮಾಡು ಅಂದ್ರು. ಮನಿಯಾಗ ಇದ್ದದ್ದು ನನ್ನದೊಂದೇ ಪಗಾರ. ಸೈನ್ ಮಾಡಲಿಲ್ಲ. ಅವರಿಗೇ ಗವಸು ಕೊಟ್ಟು ಒಳಗ ಕರಕೊಂಡು ಹೋದೆ. ನೀವೇ ಬಗ್ಗಿಸ್ರಿ ಅಂದೆ."

ಡೇವ್ ಕೈಯಲ್ಲೇ ರಿಂಗು ಎರಡು ತುಂಡಾಯಿತು. ಹೊರಗೆ ಬಂದವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ರಬ್ಬರ್ ಮಿಶ್ರಣ ಬದಲಿಸಲು ಹೇಳಿದರಂತೆ. ಹನ್ನೊಂದೂ ಜನ ಶನಿವಾರ, ಭಾನುವಾರ ಬಿಡದೆ ದುಡಿದರು. ಎರಡು ಮಿಶ್ರಣ ಸೋತವು. ಮೂರನೆಯದು ಇಡೀ ರಾತ್ರಿ ಚಳಿಯಲ್ಲಿದ್ದು, ಇನ್ನೂರು ಸಲ ಬಗ್ಗಿಸಿದರೂ ಸದ್ದು ಮಾಡಲಿಲ್ಲ. ಸರಕು ಹೊರಡಲು ಎರಡು ದಿನ ಬಾಕಿಯಿತ್ತು.

ಆ ವಸಂತದಲ್ಲಿ ಮಂಜಿನ ಮೇಲೆ ಒಂದೂ ರಿಂಗು ಒಡೆಯಲಿಲ್ಲ. ಈ ವರ್ಷ ಎರಡರಷ್ಟು ಆರ್ಡರು. ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದವರಲ್ಲಿ ಒಂಬತ್ತು ಮಂದಿ ಹಿಂದಿರುಗಿದ್ದಾರೆ. ಗುರುಸಿದ್ದ ಅವರಿಗೂ ಹತ್ತಿರದ ನಾರ್ತ್‌ವಿಲ್‌ನಲ್ಲಿ ಅರ್ಧ ದಿನದ ಕೆಲಸ ಸಿಕ್ಕಿದೆ. ಅಮ್ಮನ ಕೆಲಸವೇನೆಂದು ಕೇಳಿದರೆ ಹೈಸ್ಕೂಲಿನ ಮಗಳು ಸ್ವರೂಪಾ, "ಶಿ ಬ್ರೇಕ್ಸ್ ಥಿಂಗ್ಸ್ ಫಾರ್ ಎ ಲಿವಿಂಗ್," ಎನ್ನುತ್ತಾಳೆ.

ಕೊನೆಗೆ ಆರ್ಕ್ಟಿಕ್ ಯಾರ ಪಾಲಾದೀತು ಎಂಬ ಪ್ರಶ್ನೆಗೆ ಶ್ರೀಲತಾ ಗವಸು ಕಳಚುತ್ತ ತಲೆಯಾಡಿಸುತ್ತಾರೆ.

"ಅದು ದೊಡ್ಡವರ ಜಗಳರಿ, ನಮಗೇನ್ ಗೊತ್ತು. ನನ್ನದೊಂದೇ ಆಸೆ. ಆ ಮಷೀನು ವಿಮಾನ ಹತ್ತೂಕಿಂತ ಮೊದಲು ಒಂದ್ಸಲ ನೋಡಬೇಕು. ನಮ್ಮ ರಿಂಗು ಎಲ್ಲಿ ಕೂತದ ಅಂತ ಕೈ ಇಟ್ಟು ನೋಡಿ, ಮನಿಗೆ ಬಂದ್ಬಿಡ್ತೀನಿ."