ಗಾಜಿನ ಕೊಳವೆಗಳ ನೆರಳು

ಸೋಲಾರಿನ ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುವುದಿಲ್ಲ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತಿದ್ದ ತಣ್ಣೀರು ಮೊದಲು ಹರಿದುಹೋಗಬೇಕು. ಅಲ್ಲಿಯವರೆಗೆ ಅಂಗೈ ಒಡ್ಡಿ, ಭಿಕ್ಷೆಗೆ ನಿಂತ ಸಂನ್ಯಾಸಿಯ ಭಂಗಿಯಲ್ಲಿ, ಆದರೆ ಅವನ ಸಹನೆಯ ಲೇಶವೂ ಇಲ್ಲದೆ ಗೊಣಗುವುದು ನನ್ನ ಪ್ರಾತಃಕಾಲದ ವಿಧಿಯಾಗಿತ್ತು.

ವೈಟ್‌ಫೀಲ್ಡಿನಾಚೆ ನಾನು ಬಾಡಿಗೆಗಿದ್ದ ಮನೆಯ ತಾರಸಿಯಲ್ಲಿತ್ತು, ಬಿಸಿಲಿನಿಂದ ನೀರು ಕಾಯಿಸುವ ಆ ಯಂತ್ರ. ಯಂತ್ರವೆನ್ನಲು ಅದರಲ್ಲಿ ತಿರುಗುವುದು, ಗುಡುಗುವುದು ಏನೂ ಇಲ್ಲ. ಎತ್ತರದ ಸ್ಟ್ಯಾಂಡಿನಲ್ಲಿ ಓರೆಯಾಗಿ ಜೋಡಿಸಿದ ಕಪ್ಪು ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೊಂದು ಟ್ಯಾಂಕು. ಪ್ರತಿ ಕೊಳವೆಗೂ ಎರಡು ಪದರ, ನಡುವೆ ಗಾಳಿಯೂ ಇಲ್ಲದ ಬರಿದು. ಒಳಬಂದ ಕಾವು ಆ ಬರಿದನ್ನು ದಾಟಿ ಹೊರಹೋಗಲಾರದು. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಭಾರವಾಗಿ ಅದರ ಜಾಗಕ್ಕಿಳಿಯುತ್ತದೆ. ಯಾರೂ ನೂಕದ ಈ ಏರಿಳಿತವನ್ನು ನೆನೆದರೇ ನನಗೆ ಜೊಂಪು ಹತ್ತುತ್ತದೆ.

ನಿಜವಾದ ನಿದ್ದೆ ಮಾತ್ರ ಮನೆಯೊಡತಿ ಗೌರಮ್ಮನವರದು. ಕೊಳವೆಗಳ ಕೆಳಗಿನ ಪಟ್ಟೆಪಟ್ಟೆ ನೆರಳಿನಲ್ಲಿ ಚಾಪೆ ಹಾಸಿ ಮಧ್ಯಾಹ್ನ ಮಲಗುವರು.

ಒಂದು ಬೇಸಿಗೆ, ಬೋರ್‌ವೆಲ್ ನೀರಿನಿಂದ ಕಟ್ಟಿದ್ದ ಸುಣ್ಣ ತೆಗೆಯಲೆಂದು ಕೊಳವೆಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದರು. ತುಂಬಿಸಲು ನೀರಿಲ್ಲ, ಟ್ಯಾಂಕರ್ ಬರಲಿಲ್ಲ. ಬರಿದಾದ ಕೊಳವೆಗಳು ಎರಡು ದಿನ ಬಿಸಿಲು ಕುಡಿದವು. ಮೂರನೆಯ ಮಧ್ಯಾಹ್ನ ಟ್ಯಾಂಕರಿನ ಹಾರನ್ ಕೇಳಿದ್ದೇ ತಡ, ಗೌರಮ್ಮ ಚಾಪೆ ಬಿಟ್ಟೆದ್ದು ಬೀದಿಗಿಳಿದರು. ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದ ನನಗೂ ಜಗಳ ಸ್ಪಷ್ಟವಾಗಿ ಕೇಳುತ್ತಿತ್ತು.

“ಎಲ್ಡ್ ದಿನದಿಂದ ಎಲ್ಲೋಗಿದ್ದಪ್ಪಾ? ನಮ್ಮನೆ ದಾರಿ ಮರ್ತೋಯ್ತಾ?”

“ಬೋರ್ ಕೆಟ್ಟೋಗಿತ್ತು ಅಕ್ಕ. ನಾನೇನ್ ಕಣ್ಣೀರ್ ತುಂಬ್ಕೊಂಡ್ ಬರ್ಲಾ?” ಎಂದ ಡ್ರೈವರ್.

“ಬಾ ಮತ್ತೆ! ನೀನ್ ತರೋ ನೀರ್ಗಿಂತ ಅದೇ ವಾಸಿ!”

ಈ ನಡುವೆ, ಟ್ಯಾಂಕರಿನ ನೀರು ಸಂಪಿಗೆ ಬೀಳುತ್ತಿದ್ದಂತೆ, ಗೌರಮ್ಮನವರ ಯಜಮಾನರು ಮೋಟಾರ್ ಹಾಕಿದ್ದರು. ತಣ್ಣೀರು ಮೇಲೇರಿ, ಒಣಗಿ ಕಾದಿದ್ದ ಗಾಜನ್ನು ಮುಟ್ಟಿತು. ಒಂದರ ಹಿಂದೊಂದು ಕೊಳವೆಗಳು ಸಿಡಿದವು. ಒಗೆದ ಪಂಚೆಯನ್ನು ಗುರಾಣಿಯಂತೆ ಹಿಡಿದು ನಾನು ಗೋಡೆಗಂಟಿದೆ. ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರ ಒದಗಿದ್ದು ಅಷ್ಟಕ್ಕೇ. ಆವಿ ಕರಗಿದಾಗ ಚಾಪೆ ಕಂಡಿತು. ದಿಂಬಿನ ಮೇಲೆ ತಲೆ ಊರಿದ್ದ ತಗ್ಗು ಇನ್ನೂ ಹಾಗೇ ಇತ್ತು. ಆ ತಗ್ಗಿನ ತುಂಬ ಗಾಜು.

ಓಡಿಬಂದ ಗೌರಮ್ಮ ದಿಂಬನ್ನೇ ನೋಡುತ್ತ ನಿಂತರು. “ಇನ್ನೊಂದೀಟು ಬೇಗ ಜಗಳ ಮುಗ್ಸಿದ್ರೆ...” ಎಂದವರು, “ಪಾಪ, ಆ ಟ್ಯಾಂಕರ್ನೋನ್ಗೊಂದ್ ಲೋಟ ಕಾಫಿ ಕೊಟ್ ಬತ್ತೀನಿ” ಎಂದು ಇಳಿದುಹೋದರು.

ಆ ತಗ್ಗು ಈಗಲೂ ನನ್ನ ಕನಸಿಗೆ ಬರುತ್ತದೆ. ಪದರಗಳ ನಡುವೆ ಕಾವನ್ನು ಕಾಯುವ ಅದೇ ಬರಿದು, ಒಂದಿಷ್ಟು ಜಾಗ ಬದಲಿಸಿ ಕೊಳವೆಯೊಳಗೆ ಕೂತರೆ ಹೀಗೆ ಮುನಿಯುವುದೇ?

ಈಗಿರುವ ಮನೆಯ ತಾರಸಿಯಲ್ಲೂ ಅಂಥದೇ ಸೋಲಾರ್. ಬೆಳಗ್ಗೆ ಎದ್ದು ನಲ್ಲಿಯ ಕೆಳಗೆ ಅಂಗೈ ಒಡ್ಡುತ್ತೇನೆ. ತಣ್ಣೀರು ಬರುತ್ತದೆ. ಗೊಣಗುವುದಿಲ್ಲ, ನೀರು ಬಂತಲ್ಲ, ಮೇಲೆ ಕೊಳವೆಗಳು ತುಂಬಿವೆ. ಅಂಗೈ ಬೆಚ್ಚಗಾಗುವವರೆಗೂ, ಆ ಪಟ್ಟೆಪಟ್ಟೆ ನೆರಳಿನಲ್ಲಿ ಯಾರೋ ನಿಶ್ಚಿಂತೆಯಾಗಿ ಮಲಗಿದ್ದಾರೆಂದು ಕಲ್ಪಿಸಿಕೊಳ್ಳುತ್ತ ನಿಲ್ಲುತ್ತೇನೆ.