ಹುಳುಗಳಿಗೆ ಬಿಟ್ಟುಕೊಟ್ಟ ಮನೆ

ನಮ್ಮೂರು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ, ಮಾವಿನ ತೋಪುಗಳ ನಡುವೆ ಇದೆ. ಮದುವೆಯಾಗಿ ಬಂದ ವರ್ಷದಿಂದಲೂ ನಾನು ಅತ್ತೆಯ ಜೊತೆ ರೇಷ್ಮೆ ಹುಳು ಸಾಕುತ್ತಿದ್ದೇನೆ. ಯುಗಾದಿ ಕಳೆದ ಮೇಲೆ ಹಿಡಿದ ಹುಳುವಿನ ಬೆಳೆ ಎಂದೂ ಕೈಕೊಡುವುದಿಲ್ಲ ಅನ್ನುವುದು ಅತ್ತೆಯ ನಂಬಿಕೆಯಾಗಿತ್ತು. ಮೂರು ವರ್ಷದ ಹಿಂದಿನ ಬೇಸಿಗೆಯವರೆಗೂ ಅದು ಸುಳ್ಳಾಗಿರಲಿಲ್ಲ.

ಆ ಸಲ ಹುಳುಗಳು ಕೊನೆಯ ಪೊರೆ ಕಳಚಿ, ಹೊಟ್ಟೆಬಾಕರ ಹಾಗೆ ಸೊಪ್ಪು ತಿನ್ನಬೇಕಾದ ವಾರ. ಹಿತ್ತಲಿನ ಹುಳುಮನೆಗೆ ಸಿಮೆಂಟ್ ಶೀಟಿನ ಚಾವಣಿ. ಬೆಳಿಗ್ಗೆ ಹತ್ತಕ್ಕೇ ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸಿದೆವು. ಚಾವಣಿಯ ಮೇಲೆ ತೆಂಗಿನ ಗರಿ ಹೊದಿಸಿದೆವು. ಮಧ್ಯಾಹ್ನಕ್ಕೆ ಗೋಣಿ ಮತ್ತೆ ಗರಿಗರಿ ಒಣಗಿರುತ್ತಿತ್ತು. ಅತ್ತೆ ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರು. ಅದು ಮೈ ಸಡಿಲಿಸಿ ಸುಮ್ಮನೆ ಬಿದ್ದಿತ್ತು.

"ಸಪ್ಪೆರೋಗ ಶುರುವಾಗೈತೆ ಕಣಮ್ಮ. ಇಲ್ಲೇ ಬಿಟ್ರೆ ನಾಳಿದ್ದಿಗೆ ಒಂದೂ ಉಳಿಯಲ್ಲ."

"ಇನ್ನೆಲ್ಲಿಗೆ ಸಾಗ್ಸೋದು ಅತ್ತೆ?"

ಅವರು ನಮ್ಮ ವಾಸದ ಮನೆಯ ಕಡೆ ನೋಡಿದರು. ಅದು ಮಾವನ ತಂದೆ ಕಟ್ಟಿಸಿದ್ದು. ದಪ್ಪ ಮಣ್ಣಿನ ಗೋಡೆ, ಮೇಲೆ ಕಲ್ಲುಚಪ್ಪಡಿ. ಎಂಥ ಬಿಸಿಲಿಗೂ ನಡುಮನೆ ತಣ್ಣಗಿರುತ್ತದೆ.

ಮಾವನಿಗೆ ಸಿಟ್ಟು ಬಂದಾಗ ಮಾತು ತೆಲುಗಿಗೆ ಹೊರಳುತ್ತದೆ. "ಪುರುಗುಲಕಿ ಇಲ್ಲು, ಮನಕಿ ಚೆಟ್ಟಾ?" ಎಂದರು. ಹುಳುಗಳಿಗೆ ಮನೆ, ನಮಗೆ ಮರವಾ ಎಂದು. ಅತ್ತೆ ಆಗಲೇ ಮಂಚದ ಮೇಲಿನ ಹಾಸಿಗೆ ಸುತ್ತುತ್ತಿದ್ದರು. ಕಪಾಟು, ಮಂಚ, ಟಿವಿ ಎಲ್ಲ ಹೊರಗೆ ಬಂದವು. ನಾನೂ ನನ್ನ ಗಂಡನೂ ಸೊಪ್ಪಿನ ಕಡ್ಡಿಗಳ ಸಮೇತ ಹುಳುಗಳನ್ನು ಮೊರಗಳಲ್ಲಿ ಹೊತ್ತು ತಂದು ನಡುಮನೆ, ಕೋಣೆ, ಪಡಸಾಲೆಗಳಲ್ಲೆಲ್ಲ ಹರಡಿದೆವು. ಇರುವೆ ಬಾರದಂತೆ ಗೋಡೆಯ ಬುಡಕ್ಕೆಲ್ಲ ಬೂದಿ ಸುರಿದೆವು. ಒಗ್ಗರಣೆಯ ಹೊಗೆ ಹುಳುಗಳಿಗೆ ಆಗದು, ಹಾಗಾಗಿ ಒಲೆಯೂ ಅಂಗಳದ ಹೊಂಗೆ ಮರದ ಕೆಳಗೆ ಹೋಯಿತು. ಊದುಬತ್ತಿ ಹಚ್ಚಬಾರದು ಎಂದಿದ್ದಕ್ಕೆ ಮಾವ ಹೊಸ್ತಿಲಾಚೆಯಿಂದಲೇ ದೇವರ ಕೋಣೆಗೆ ಕೈಮುಗಿದು, ಮುಖ ತಿರುಗಿಸಿ ಮರದ ಕೆಳಗೆ ಕೂತರು. ಎರಡು ದಿನ ಅಲ್ಲಿಂದ ಏಳಲಿಲ್ಲ.

ಅವರನ್ನು ಎಬ್ಬಿಸಿದ್ದು ನವಿಲು. ಮೊದಲೆಲ್ಲ ಬೆಟ್ಟದ ಕಡೆಯಿಂದ ಅವುಗಳ ಕೂಗಷ್ಟೇ ಕೇಳುತ್ತಿತ್ತು. ಈಗ ಬೆಟ್ಟದ ದೊಣೆಗಳು ಬೇಗ ಬತ್ತಿ, ಅವು ದನದ ತೊಟ್ಟಿಗೆ ನೀರಿಗೆ ಬರುವುದು ರೂಢಿಯಾಗಿತ್ತು. ಮೂರನೆಯ ದಿನ ಒಂದು ಹೆಣ್ಣು ನವಿಲು ನೀರು ಕುಡಿದು, ಮೆಲ್ಲಗೆ ಜಗಲಿ ಹತ್ತಿ, ತೆರೆದ ಬಾಗಿಲಲ್ಲಿ ಕತ್ತು ತೂರಿಸಿತು. ಒಳಗೆ ನೆಲದ ತುಂಬ ಹುಳು!

"ಏಯ್, ಏಯ್!" ಎನ್ನುತ್ತಾ ಮಾವ ಟವೆಲ್ ಬೀಸಿಕೊಂಡು ಓಡಿದರು. ಅವತ್ತಿನಿಂದ ಕೋಲು ಹಿಡಿದು ಬಾಗಿಲಲ್ಲೇ ಕೂತರು. ಸಂಜೆ ನೋಡಿದರೆ, ಹಳೆಯ ಅಗಲವಾದ ಬಾನಿಯನ್ನು ದೂರದ ಹುಣಸೆ ಮರದ ಬುಡಕ್ಕೆ ಉರುಳಿಸಿಕೊಂಡು ಹೋಗಿ ನೀರು ತುಂಬುತ್ತಿದ್ದರು.

"ಓಡಿಸ್ತಾರೆ, ಆಮೇಲೆ ನೀರೂ ಇಡ್ತಾರೆ" ಎಂದು ಅತ್ತೆ ನಕ್ಕರು.

"ಇನ್ನೇನು ಮಾಡೋದೇ? ಬಾಯಾರಿಕೆ ಅದಕ್ಕೂ ಇಲ್ವಾ. ಅಲ್ಲೇ ಕುಡೀಲಿ, ಇಲ್ಲಿಗ್ಯಾಕೆ ಬರ್ಬೇಕು?"

ಐದನೆಯ ದಿನ ಮಧ್ಯಾಹ್ನ ಕೋಲಾರದ ದಿಕ್ಕಿನಿಂದ ಮೋಡ ಕವಿದು, ನೋಡನೋಡುತ್ತಿದ್ದಂತೆ ಆಲಿಕಲ್ಲು ಸುರಿಯಿತು. ಅಂಗಳದಲ್ಲಿದ್ದ ಹಾಸಿಗೆ, ಬಟ್ಟೆ, ಅರ್ಧ ಬೆಂದ ಮುದ್ದೆ ಎಲ್ಲ ನೀರುಪಾಲಾಯಿತು. ನಾವು ನಾಲ್ವರೂ ಜಗಲಿಯ ಮೇಲೆ ಗೋಡೆಗೆ ಒತ್ತಿಕೊಂಡು ನಿಂತೆವು. ಒಳಗೆ ಹೋದರೆ ತುಳಿಯದೆ ನಿಲ್ಲಲು ಜಾಗವಿರಲಿಲ್ಲ. ಮಳೆ ಬಿಟ್ಟಾಗ ಪಕ್ಕದ ತೋಪಿನಲ್ಲಿ ಎಳೆ ಮಾವಿನಕಾಯಿಗಳು ನೆಲಕ್ಕೆ ಹಸಿರು ಬಳಿದಂತೆ ಬಿದ್ದಿದ್ದವು. ನಮ್ಮ ಹಿಪ್ಪುನೇರಳೆಯ ಎಲೆಗಳು ಚಿಂದಿಯಾಗಿದ್ದವು.

ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೂ ಎರಡು ದಿನ ಮೇವು ಬೇಕು. ಒದ್ದೆ ಸೊಪ್ಪು ಕೊಟ್ಟರೆ ರೋಗ ಖಂಡಿತ. ನನ್ನ ಗಂಡ ಇದ್ದದ್ದರಲ್ಲಿ ನೆಟ್ಟಗಿದ್ದ ಸೊಪ್ಪನ್ನು ಆರಿಸಿ ಕೊಯ್ದು ತಂದ. ಜಗಲಿಯಲ್ಲಿ ಕೂತು ಒಂದೊಂದೇ ಎಲೆಯನ್ನು ಒರೆಸಿದೆವು. ಒಣಬಟ್ಟೆ ಮುಗಿದಾಗ ಮಾವ ಪೆಟ್ಟಿಗೆಯ ತಳದಲ್ಲಿ ನೆನೆಯದೆ ಉಳಿದಿದ್ದ ತಮ್ಮ ಜರಿಪಂಚೆ ತೆಗೆದು ಕೊಟ್ಟರು. "ಮದ್ವೆ ಪಂಚೆ ಅಲ್ವಾ ಅದು?" ಎಂದರು ಅತ್ತೆ. "ಮದ್ವೆ ಆಗೋಯ್ತಲ್ಲ" ಎಂದು ಮಾವ ಎಲೆ ಒರೆಸುತ್ತಲೇ ಹೇಳಿದರು.

ಎಲ್ಲ ಹುಳು ಉಳಿಯಲಿಲ್ಲ. ಉಳಿದವು ಬಿದಿರಿನ ಚಂದ್ರಿಕೆ ತಟ್ಟೆಗಳನ್ನು ಹತ್ತಿ ಗೂಡು ಕಟ್ಟಿದವು. ಬೆರಳಲ್ಲಿ ಒತ್ತಿದರೆ ಗೂಡು ಮೆತ್ತಗೆ ಒಳಹೋಗುತ್ತಿತ್ತು, ತೂಕವೂ ಹಗುರ. ಸಿಕ್ಕಷ್ಟು ಬೆಲೆಗೆ ಮಾರಿ ಮಾರುಕಟ್ಟೆಯಿಂದ ಬಂದ ಮೇಲೆ ಅತ್ತೆ ಮನೆಯನ್ನೆಲ್ಲ ಸುಣ್ಣದ ನೀರಿನಿಂದ ತೊಳೆದರು. ತೊಳೆದು ಮುಗಿಸಿ, ಪೊರಕೆಗೆ ಆತು ನಿಂತು, "ಇನ್ಮೇಲೆ ಈ ತಿಂಗ್ಳಲ್ಲಿ ಹುಳ ಹಿಡಿಯೋದು ಬೇಡಮ್ಮ" ಎಂದರು. ನಲವತ್ತು ವರ್ಷ ತಪ್ಪದೆ ಹಿಡಿದವರು ಅವರು. ದನಿಯಲ್ಲಿ ದುಃಖವಿರಲಿಲ್ಲ. ಸಾರಿಗೆ ಉಪ್ಪು ಸಾಕು ಎಂದಷ್ಟೇ ಸಲೀಸಾಗಿ ಹೇಳಿದರು. ಅದು ನನಗೆ ಹೆಚ್ಚು ಚುಚ್ಚಿತು.

ಆಮೇಲೆ ಯುಗಾದಿ ಕಳೆದ ಮೇಲೆ ನಾವು ಹುಳು ಹಿಡಿದಿಲ್ಲ. ಹಾಗಾಗಿ ಈ ಏಪ್ರಿಲ್‌ನಲ್ಲಿ ಮಾಲೂರಿನ ನನ್ನ ತವರಿಗೆ ಹೋಗಲು ಪುರುಸೊತ್ತು ಸಿಕ್ಕಿತು. ಅಮ್ಮನ ಮನೆ ಎದುರಿನ ಇಟ್ಟಿಗೆ ಗೂಡಿನಲ್ಲಿ ಕೆಲಸದವರು ಬೆಳಕು ಹರಿಯುವ ಮುಂಚೆಯೇ ಮಣ್ಣು ತುಳಿಯಲು ಶುರುಮಾಡುತ್ತಾರೆ. ಬಿಸಿಲು ತಾಳದೆ ಹತ್ತು ಗಂಟೆಗೆ ಕೆಲಸ ನಿಲ್ಲಿಸಿ ಮತ್ತೆ ಬಿಸಿಲು ಇಳಿದ ಮೇಲೆಯೇ ಬರುವುದು. ಮೊದಲು ಹೀಗಿರಲಿಲ್ಲ. ಅಮ್ಮ ಅವರಿಗೆಂದು ಬಾಗಿಲಲ್ಲಿ ಒಂದು ಕೊಡ ನೀರುಮಜ್ಜಿಗೆ ಇಟ್ಟಿರುತ್ತಾರೆ. ನಾನು ಇದ್ದ ಹತ್ತು ದಿನ ಮೊಸರು ಕಡೆಯುವ ಕೆಲಸ ನನ್ನದಾಗಿತ್ತು. ಕೊಡ ತುಂಬುವಾಗಲೆಲ್ಲ ಹುಣಸೆ ಮರದ ಬುಡದಲ್ಲಿ ಬಾನಿಗೆ ನೀರು ತುಂಬುತ್ತಿದ್ದ ಮಾವ ನೆನಪಾಗುತ್ತಿದ್ದರು.